ಬುಧವಾರದ ದೊಡ್ಡಕ್ಕ

ದೊಡ್ಡಕ್ಕ ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಹದಿನೈದು ದಿನ ತಡವಾಗಿ. ಹರಿಹರದ ಬಸ್ ನಿಲ್ದಾಣದಲ್ಲಿ ಅವರ ಕಿರಿಯ ಮಗಳು ಸಿಕ್ಕಿದ್ದಳು. ಅವಳಿಗೇ ಈಗ ಮೊಮ್ಮಕ್ಕಳು. ಮಧ್ಯಾಹ್ನ ಊಟ ಮಾಡಿ, ಎಲೆ ಅಡಿಕೆ ಹಾಕಿಕೊಂಡು, "ಒಂದೀಟು ಅಡ್ಡಾಗ್ತೀನಿ, ಯಾರೂ ಮಾತಾಡಿಸಬ್ಯಾಡ್ರಿ" ಎಂದು ಮಲಗಿದವರು ಮತ್ತೆ ಏಳಲಿಲ್ಲವಂತೆ. ಯಾವ ವಾರ ಅಂತ ಕೇಳಿದೆ. ಬುಧವಾರ ಅಂದಳು. ಅಷ್ಟು ಹೇಳಿ ಅವಳು ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಇಬ್ಬರಿಗೂ ಒಟ್ಟಿಗೇ ನಗು ಬಂತು. ಸಾವಿನ ಸುದ್ದಿ ಹೇಳಿ ನಗುತ್ತಿರುವ ಇಬ್ಬರು ಮುದುಕಿಯರನ್ನು ರಾಣೆಬೆನ್ನೂರು ಬಸ್ಸಿಗೆ ಕಾಯುತ್ತಿದ್ದ ಜನ ವಿಚಿತ್ರವಾಗಿ ನೋಡಿದರು.

ಅವರ ಹೆಸರು ನಾನು ಬರೆಯುವುದಿಲ್ಲ. ಅದು ಅವರದೇ ನಿಯಮ. ಟೆಲಿಫೋನ್ ಬೋರ್ಡಿನ ಮುಂದೆ ಕೂತ ಹೆಂಗಸು ತನ್ನ ಹೆಸರನ್ನು ಯಾರಿಗೂ ಹೇಳಬಾರದು, ಹೇಳಿದರೆ ಆಮೇಲೆ ಊರಿನವರು ನಂಬರಿನ ಬದಲು ನಮ್ಮನ್ನೇ ಕೇಳುತ್ತಾರೆ ಅಂತ ಮೊದಲ ದಿನವೇ ನನಗೆ ಕಲಿಸಿದ್ದರು. ಹಗಲು ಪಾಳಿಯಲ್ಲಿ ನಾವು ಐದು ಜನ ಹೆಂಗಸರಿದ್ದೆವು. ಅವರೇ ಹಿರಿಯರು. ನಮಗೆಲ್ಲ ಅವರು ದೊಡ್ಡಕ್ಕ.

ನಾನು ಕೆಲಸಕ್ಕೆ ಸೇರಿದ್ದು ಅರವತ್ತರ ದಶಕದ ಮೊದಲಲ್ಲಿ, ದಾವಣಗೆರೆಯಲ್ಲಿ. ಆಗ ನನಗೆ ಇಪ್ಪತ್ತೊಂದು, ಅವರಿಗೆ ಮೂವತ್ತೇಳೋ ಮೂವತ್ತೆಂಟೋ. ಊರ ತುಂಬ ಹತ್ತಿಯ ವ್ಯಾಪಾರ. ಗಾಳಿ ಬೀಸಿದರೆ ಅರಳೆ ಹಾರಿ ಬಂದು ನಮ್ಮ ಕಚೇರಿಯ ಕಿಟಕಿಯ ಸರಳಿಗೆ ಅಂಟಿಕೊಳ್ಳುತ್ತಿತ್ತು. ಈಗಿನಂತೆ ಯಾರೂ ನಂಬರು ಒತ್ತಿ ನೇರ ಮಾತಾಡುವ ಹಾಗಿರಲಿಲ್ಲ. ಅಂಗಡಿಯ ಸಾಹುಕಾರರು ಫೋನೆತ್ತಿದರೆ ನಮ್ಮ ಬೋರ್ಡಿನ ಮೇಲೆ ಅವರ ತೂತಿನ ಮುಚ್ಚಳ ಬೀಳುತ್ತಿತ್ತು. ನಾವು ಹಗ್ಗದಂಥ ವೈರಿನ ತುದಿಯನ್ನು ಆ ತೂತಿಗೆ ಸಿಕ್ಕಿಸಿ ಯಾವ ನಂಬರು ಬೇಕೆಂದು ಕೇಳಿ, ಇನ್ನೊಂದು ತುದಿಯನ್ನು ಬೇಕಾದ ತೂತಿಗೆ ಸಿಕ್ಕಿಸಬೇಕು. ಬೊಂಬಾಯಿ, ಬೆಂಗಳೂರು ಅಂದರೆ ಟ್ರಂಕ್ ಕಾಲ್. ಅದನ್ನು ಮೊದಲೇ ಬುಕ್ ಮಾಡಿ, ಲೈನು ಸಿಗುವವರೆಗೆ ಕಾದು, ಸಿಕ್ಕಿದ ಮೇಲೆ ಮೂರು ಮೂರು ನಿಮಿಷಕ್ಕೆ ನಡುವೆ ಬಾಯಿ ಹಾಕಿ ಹೊತ್ತಾಯಿತೆಂದು ಹೇಳಬೇಕು. ಬೆಳಿಗ್ಗೆ ಎಂಟಕ್ಕೆ ಕಿವಿಗೆ ಏರಿದ ಹೆಡ್‌ಫೋನಿನ ಕಬ್ಬಿಣದ ಪಟ್ಟಿ ನಾಲ್ಕಕ್ಕೆ ಇಳಿಯುವಷ್ಟರಲ್ಲಿ ತಲೆಯ ಮೇಲೆ ಕೂದಲು ಅಂಗೈ ಅಗಲ ಚಪ್ಪಟೆಯಾಗಿರುತ್ತಿತ್ತು. ದೊಡ್ಡಕ್ಕನಿಗೆ ಹದಿನಾಲ್ಕು ವರ್ಷದ ಸರ್ವೀಸಿನಲ್ಲಿ ಆ ಜಾಗ ಕಾಯಮ್ಮಾಗಿ ಹಾಗೇ ಉಳಿದುಬಿಟ್ಟಿತ್ತು. ಅದರ ಮೇಲೆ ಮಲ್ಲಿಗೆ ಮುಡಿದರೆ ಸರಿಯಾಗಿ ಕೂಡುತ್ತೈತೆ ನೋಡು ಅನ್ನುತ್ತಿದ್ದರು.

ಎತ್ತರದ ಆಳು, ಕಪ್ಪು ಮೈ, ದೊಡ್ಡ ದೊಡ್ಡ ಹೆಜ್ಜೆ. ನಡೆಯುವುದು ಕೊಕ್ಕನೂರಿನ ಹೊಲದ ಬದುವಿನ ಮೇಲೆ ಬುತ್ತಿ ಹೊತ್ತು ಹೋದ ಹಾಗೆ. ಅವರು ಹುಟ್ಟಿದ್ದೂ ಅಲ್ಲೇ. ಬೋರ್ಡಿನ ಮುಂದೆ ಕೂತರೆ ಮಾತ್ರ ದನಿ ಪೂರಾ ಬೇರೆ. ಬೊಂಬಾಯಿಯ ಆಪರೇಟರಿನ ಜೊತೆ ಅವರು ಇಂಗ್ಲಿಷಿನಲ್ಲಿ ನಾಲ್ಕೇ ಮಾತು ಆಡುತ್ತಿದ್ದರು. ಕೇಳಿದವರು ಯಾರೋ ಕಲೆಕ್ಟರರ ಹೆಂಡತಿ ಎಂದುಕೊಳ್ಳಬೇಕು. ಪಟ್ಟಿ ಕಳಚಿದ ಕೂಡಲೇ, "ಏ ತಂಗಿ, ಹೊಟ್ಟೆ ಹಸ್ದೈತೆ, ರೊಟ್ಟಿ ಬಿಚ್ಚು" ಅನ್ನುವರು.

ನಮ್ಮ ಗೋಳು ಕೇಳುವುದಕ್ಕೂ ಅವರದೊಂದು ಪದ್ಧತಿ ಇತ್ತು. ಊಟದ ಹೊತ್ತಿಗೆ ಯಾರಾದರೂ ಅತ್ತೆಯ ಮೇಲೆ, ಗಂಡನ ಮೇಲೆ, ನೆಗೆಣ್ಣಿಯ ಮೇಲೆ ಶುರುಮಾಡಿದರೆ ಕೈ ತೊಳೆಯದೆ, ಅತ್ತಿತ್ತ ನೋಡದೆ ಪೂರ್ತಿ ಮನಸ್ಸಿಟ್ಟು ಕೇಳುತ್ತಿದ್ದರು. ಗೋಡೆಯ ಗಡಿಯಾರದ ಮೇಲೆ ಮಾತ್ರ ಒಂದು ಕಣ್ಣಿರುತ್ತಿತ್ತು. ಸರಿಯಾಗಿ ಮೂರು ನಿಮಿಷಕ್ಕೆ, "ಮೂರು ಆತು. ಮುಂದುವರಿಸ್ತೀರೋ, ಕಟ್ ಮಾಡ್ಲೋ?" ಎಂದು ಬೋರ್ಡಿನ ದನಿಯಲ್ಲೇ ಕೇಳುವರು. ಅಳುತ್ತಿದ್ದವಳೂ ನಕ್ಕುಬಿಡುತ್ತಿದ್ದಳು. ಮುಂದುವರಿಸಿದವರನ್ನು ನಾನು ನೋಡಿಲ್ಲ. ಆದರೆ ಆ ಮೂರು ನಿಮಿಷ ಅವರು ಕೇಳಿದಂತೆ ನನ್ನ ಮಾತನ್ನು ನನ್ನ ತಾಯಿಯೂ ಕೇಳಿರಲಿಲ್ಲ.

ಅವರ ವಾರದ ರಜೆ ಬುಧವಾರ. ನಮಗೆಲ್ಲ ಭಾನುವಾರ ಬೇಕು. ಅದಕ್ಕಾಗಿ ನಮ್ಮಲ್ಲಿ ಮುನಿಸು, ಸರದಿ, ಗುಟ್ಟಿನ ಒಪ್ಪಂದ ಎಲ್ಲ ನಡೆಯುತ್ತಿತ್ತು. ದೊಡ್ಡಕ್ಕ ಮಾತ್ರ ಯಾರೂ ಕೇಳದ ಬುಧವಾರವನ್ನು ಸೂಪರ್‌ವೈಜರಿಗೆ ಅರ್ಜಿ ಬರೆದು ಕಾಯಂ ಮಾಡಿಸಿಕೊಂಡಿದ್ದರು. ಸೂಪರ್‌ವೈಜರು ಒಳ್ಳೆಯ ಮನುಷ್ಯ, ಆದರೆ ಅನುಮಾನದವರು. ಭಾನುವಾರ ಬೇಡ ಅನ್ನುವ ನೌಕರಸ್ಥೆಯನ್ನು ತಮ್ಮ ಸರ್ವೀಸಿನಲ್ಲೇ ಕಂಡಿಲ್ಲವೆಂದು ಆ ಅರ್ಜಿಯನ್ನು ಎರಡು ದಿನ ಇಟ್ಟುಕೊಂಡು ಯೋಚಿಸಿದರಂತೆ.

ಬುಧವಾರ ಬೆಳಿಗ್ಗೆ ದೊಡ್ಡಕ್ಕ ರೈಲು ಹತ್ತಿ ಹರಿಹರಕ್ಕೆ ಹೋಗುತ್ತಾರೆ, ಸಂಜೆ ಬರುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಯಾಕೆ ಎಂಬುದು ಗೊತ್ತಿರಲಿಲ್ಲ. ಹರಿಹರೇಶ್ವರನಿಗೆ ಹರಕೆ ಇರಬೇಕು ಅಂತ ಒಬ್ಬಳು. ಹರಿಹರದಿಂದ ಮುಂದೆ ಉಕ್ಕಡಗಾತ್ರಿಗೆ ಹೋಗುತ್ತಾರೆ, ಮೈಮೇಲೆ ಏನೋ ಬರುತ್ತದೆ, ಅಲ್ಲಿಯ ಅಜ್ಜಯ್ಯನ ಗದ್ದುಗೆಯಲ್ಲಿ ಅದನ್ನು ಬಿಡಿಸಿಕೊಳ್ಳಲು ನಡೆದುಕೊಳ್ಳುತ್ತಿದ್ದಾರೆ ಅಂತ ಇನ್ನೊಬ್ಬಳು. ದೊಡ್ಡಕ್ಕ ಯಾವುದನ್ನೂ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಗುರುವಾರ ಬೆಳಿಗ್ಗೆ ಬಂದಾಗ ಮಾತ್ರ ಅವರ ಮುಖ ಬೇರೆಯಾಗಿರುತ್ತಿತ್ತು; ತಿಕ್ಕಿ ತೊಳೆದ ತಾಮ್ರದ ಬಿಂದಿಗೆಯ ಹಾಗೆ.

ಕೆಲಸಕ್ಕೆ ಸೇರಿದ ಎರಡನೇ ವರ್ಷ ನನ್ನ ಮದುವೆಯಾಯಿತು. ಮಂಡಿಪೇಟೆಯ ಹಿಂದಿನ ಓಣಿಯಲ್ಲಿ ಮನೆ. ಗಂಡ ಒಂದು ದಲ್ಲಾಳಿ ಅಂಗಡಿಯಲ್ಲಿ ಗುಮಾಸ್ತರು, ಮಾವ ಅಂಥದೇ ಕೆಲಸ ಮಾಡಿ ಮನೆಯಲ್ಲಿ ಕೂತವರು, ಇಬ್ಬರು ಮೈದುನರು ಓದುವವರು, ಅತ್ತೆ. ಅತ್ತೆ ಕೆಟ್ಟವರಲ್ಲ. ಅವರೂ ನನ್ನ ಜೊತೆಗೇ ನಸುಕಿನಲ್ಲಿ ಏಳುತ್ತಿದ್ದರು, ನನ್ನ ಜೊತೆಗೇ ಮಲಗುತ್ತಿದ್ದರು. ಮನೆಯ ಕೆಲಸ ಇಬ್ಬರು ಹೆಂಗಸರಿಗೂ ಸಾಕಾಗಿ ಮಿಗುವಷ್ಟಿತ್ತು. ಬೆಳಿಗ್ಗೆ ನೀರು ತುಂಬಿ, ರೊಟ್ಟಿ ಬಡಿದು, ಎಂಟಕ್ಕೆ ಬೋರ್ಡಿನ ಮುಂದೆ ಕೂತು, ನಾಲ್ಕೂವರೆಗೆ ಮನೆಗೆ ಬಂದರೆ ಸೆರಗು ಸಿಕ್ಕಿಸಿಕೊಂಡು ಮತ್ತೆ ಒಲೆಯ ಮುಂದೆ. ಭಾನುವಾರ ಎಲ್ಲರೂ ಮನೆಯಲ್ಲಿರುತ್ತಿದ್ದರು. ಅವತ್ತು ಒಬ್ಬೊಬ್ಬರಿಗೆ ಒಂದೊಂದು ಹೊತ್ತಿಗೆ ಹಸಿವು, ನೆಂಟರು, ವಾರದ ಬಟ್ಟೆ, ಹಪ್ಪಳ, ಅಕ್ಕಿ ಹಸನು ಮಾಡುವುದು. ಸೋಮವಾರ ಬೆಳಿಗ್ಗೆ ಕಚೇರಿಯ ಮೆಟ್ಟಿಲು ಹತ್ತುವಾಗ ನನಗೆ ಕಾಲು ಏಳುತ್ತಿರಲಿಲ್ಲ.

ಮದುವೆಯಾಗಿ ಎಂಟು ತಿಂಗಳಿಗೆ ಒಂದು ದಿನ ಬೋರ್ಡಿನ ಮುಂದೆ ಕೂತಲ್ಲೇ ನಿದ್ದೆ ಹೋದೆ. ಕಣ್ಣು ತೆರೆದೇ ಇತ್ತಂತೆ. ಗದಗಿನ ಹತ್ತಿ ವ್ಯಾಪಾರಿಯೊಬ್ಬರನ್ನು ದಲ್ಲಾಳಿ ಅಂಗಡಿಗೆ ಕೊಡುವ ಬದಲು, ಮದುವೆ ಮಾತುಕತೆ ನಡೆದಿದ್ದ ಒಂದು ಮನೆಗೆ ಸಿಕ್ಕಿಸಿದ್ದೆ. ಅವರು ಮಾಲು ಹೇಗಿದೆ ಎಂದು ಕೇಳಿದ್ದಾರೆ, ಇವರು ಹುಡುಗಿ ಬಲು ಚಂದ ಇದ್ದಾಳೆ ಎಂದಿದ್ದಾರೆ. ತೇವ ಏನಾದರೂ ಇದೆಯಾ ಎಂದು ಅವರು ಕೇಳಿದ ಮೇಲೆ ಜಗಳ ಶುರುವಾಯಿತು. ದೊಡ್ಡಕ್ಕ ತಮ್ಮ ಕುರ್ಚಿಯಿಂದ ಕೈ ಚಾಚಿ ನನ್ನ ಲೈನು ಕಿತ್ತು, ಎರಡೂ ಕಡೆಯವರಿಗೆ ಕಲೆಕ್ಟರರ ಹೆಂಡತಿಯ ದನಿಯಲ್ಲಿ ಕ್ಷಮೆ ಕೇಳಿದರು. ಕಚೇರಿಯೆಲ್ಲ ನಕ್ಕಿತು. ನಾನು ಮಾತ್ರ ಹಿಂದಿನ ಕೋಣೆಗೆ ಹೋಗಿ ಅತ್ತುಬಿಟ್ಟೆ. ಅವತ್ತೇ ರಾಜೀನಾಮೆ ಬರೆದೆ. ಮನೆಯಲ್ಲೂ ಯಾರೂ ಬೇಡ ಅನ್ನುತ್ತಿರಲಿಲ್ಲ. ಸೊಸೆ ದುಡಿಯಬೇಕೆಂಬ ಹಟ ಮಾವನಿಗೆ ಇರಲಿಲ್ಲ, ದುಡಿಯುವ ಸೊಸೆ ಇದ್ದಾಳೆಂಬ ಮುಜುಗರವೇ ಜಾಸ್ತಿ ಇತ್ತು.

ಸೂಪರ್‌ವೈಜರಿಗೆ ಕೊಡುವ ಮುಂಚೆ ಕಾಗದವನ್ನು ದೊಡ್ಡಕ್ಕನಿಗೆ ತೋರಿಸಿದೆ. ಅವರು ಎರಡು ಸಲ ಓದಿದರು. ಒಂದು ಕಾಗುಣಿತ ತಿದ್ದಿದರು. ಆಮೇಲೆ ಮಡಚಿ ನನ್ನ ಕೈಗೇ ಕೊಟ್ಟು, "ಗುರುವಾರ ಕೊಡು. ಬುಧವಾರ ನನ್ನ ಜೊತೆ ಬಾ" ಅಂದರು.

ನನ್ನ ಭಾನುವಾರವನ್ನು ಬಿಟ್ಟುಕೊಟ್ಟರೆ ತೆಗೆದುಕೊಳ್ಳಲು ಮೂರು ಜನ ಕಾದಿದ್ದರು. ಬುಧವಾರದ ರಜೆ ಸಿಗುವುದು ಕಷ್ಟವಾಗಲಿಲ್ಲ. ಮನೆಯಲ್ಲಿ ಏನು ಹೇಳಲಿ ಎಂದು ಕೇಳಿದೆ. ಸುಳ್ಳು ಹೇಳಬೇಡ, ಹರಿಹರಕ್ಕೆ ಹೋಗುತ್ತೇನೆ, ಜೊತೆಗೆ ದೊಡ್ಡಕ್ಕ ಇರುತ್ತಾರೆ ಅನ್ನು, ಅದಕ್ಕಿಂತ ಹೆಚ್ಚಿಗೆ ಅವರು ಕೇಳಿದರೆ ಅದಕ್ಕೂ ನಿಜವನ್ನೇ ಹೇಳು ಅಂದರು. ಅತ್ತೆ ಹೆಚ್ಚಿಗೆ ಕೇಳಲಿಲ್ಲ. ಹಣ್ಣುಕಾಯಿಗೆ ಒಂದು ತೆಂಗಿನಕಾಯಿ ಕೊಟ್ಟು ಕಳಿಸಿದರು.

ರೈಲಿನಲ್ಲಿ ದೊಡ್ಡಕ್ಕ ಒಂದು ಮಾತೂ ಆಡಲಿಲ್ಲ. ಬಾತಿ ಸ್ಟೇಷನ್ ದಾಟಿತು, ಬಯಲು, ಜೋಳದ ಹೊಲ. ನಾನು ಏನೋ ಕೇಳಿದೆ. ನಕ್ಕು ತಲೆಯಾಡಿಸಿದರು, ಅಷ್ಟೇ. ಸಿಟ್ಟಾಗಿದ್ದಾರೇನೋ ಎಂದುಕೊಂಡೆ. ಹರಿಹರದಲ್ಲಿ ಇಳಿದು ದೇವಸ್ಥಾನಕ್ಕೆ ಹೋಗಿ ಅತ್ತೆ ಕೊಟ್ಟ ಕಾಯಿ ಒಡೆಸಿದೆವು. ಅಲ್ಲಿಂದ ಹೊಳೆಯ ದಂಡೆ ಹಿಡಿದು ಮೇಲಕ್ಕೆ ನಡೆದೆವು. ಜನ ಸ್ನಾನ ಮಾಡುವ ಮೆಟ್ಟಿಲು ಹಿಂದೆ ಬಿತ್ತು, ಬಟ್ಟೆ ಒಗೆಯುವ ಬಂಡೆಗಳೂ ಹಿಂದೆ ಬಿದ್ದವು. ಹೊಳೆ ಒಂದು ಕಡೆ ತಿರುಗುವಲ್ಲಿ ದಂಡೆ ಎತ್ತರ, ಮೇಲೆ ದೊಡ್ಡ ಹೊಂಗೆ ಮರ, ಕೆಳಗೆ ತೆಳ್ಳನೆಯ ಮರಳು. ದೊಡ್ಡಕ್ಕ ಚೀಲದಿಂದ ಹಳೆಯ ಸೀರೆ ತೆಗೆದು ಮರದ ಮರೆಯಲ್ಲಿ ಉಟ್ಟುಕೊಂಡು, ಬಿಗಿಯಾಗಿ ಕಚ್ಚೆ ಹಾಕಿ, ಸೆರಗನ್ನು ಸೊಂಟಕ್ಕೆ ಸುತ್ತಿ, ನನ್ನ ಕಡೆ ತಿರುಗಿಯೂ ನೋಡದೆ ನೀರಿಗೆ ನಡೆದರು. ಸೊಂಟದವರೆಗೆ ನೀರು ಬಂದಿತು, ಎದೆಯವರೆಗೆ ಬಂದಿತು, ಆಮೇಲೆ ಮುಳುಗಿದರು.

ನಾನು ಎದ್ದು ನಿಂತೆ. ನೀರಿನ ಅಂಚಿಗೆ ಓಡಿದೆ. ಎಷ್ಟೋ ಹೊತ್ತಾಯಿತು ಅನ್ನಿಸಿತು, ನಿಜವಾಗಿ ಅರ್ಧ ನಿಮಿಷವಿರಬಹುದು; ಆಮೇಲೆ ಬಹಳ ದೂರದಲ್ಲಿ ಅವರ ತಲೆ ಮೇಲೆದ್ದಿತು. ಕೈ ಬೀಸಿ ಬೀಸಿ ಈಜುತ್ತಿದ್ದರು. ಈಜುವ ಹೆಂಗಸನ್ನು ನಾನು ನೋಡಿದ್ದು ಅದೇ ಮೊದಲು.

ಬಂದು ದಂಡೆಯ ಮೇಲೆ ಕೂತು ತಲೆ ಒರೆಸಿಕೊಳ್ಳುತ್ತ ಅವರು ಹೇಳಿದ್ದು ಇಷ್ಟು. ಚಿಕ್ಕವರಿದ್ದಾಗ ಕೊಕ್ಕನೂರಿನ ಬಾವಿಯಲ್ಲಿ ಅವರ ಅಪ್ಪ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಈಜು ಕಲಿಸಿದ್ದರು. ಮೈನೆರೆದ ದಿನ ತಾಯಿ ಆ ಬುರುಡೆಯನ್ನು ಅಟ್ಟಕ್ಕೆ ಎಸೆದರು. ಅಲ್ಲಿಗೆ ಮುಗಿಯಿತು. ಮದುವೆ, ಮೂರು ಮಕ್ಕಳು, ಹತ್ತನೇ ತರಗತಿ ಪಾಸಾಗಿದ್ದಕ್ಕೆ ಸಿಕ್ಕ ಈ ಕೆಲಸ. ಹತ್ತು ವರ್ಷ ಕಳೆಯುವ ಹೊತ್ತಿಗೆ ಕಿವಿಯಲ್ಲಿ ಗುಂಯ್ ಅನ್ನುವ ಸದ್ದು ಶುರುವಾಯಿತು. ಕಚೇರಿಯಲ್ಲಿ ಹಲೋ ಹಲೋ, ಮನೆಯಲ್ಲಿ ಅವ್ವಾ ಅವ್ವಾ. ಮಲಗಿದರೂ ಯಾರೋ ನಂಬರು ಕೇಳಿದ ಹಾಗೆ ಆಗುತ್ತಿತ್ತು. ಡಾಕ್ಟರು ನೋಡಿ ಕಿವಿಗೆ ರೆಸ್ಟು ಕೊಡಬೇಕು ಅಂದರು.

"ಕಿವಿನ ಬಿಚ್ಚಿ ಗೂಟಕ್ಕೆ ನೇತು ಹಾಕಕ್ಕಾಗ್ತೈತಾ ಡಾಕ್ಟ್ರೇ ಅಂದೆ. ಆ ಮನುಷ್ಯಗೆ ನಗು ಬರ್ಲಿಲ್ಲ" ಅಂದರು ದೊಡ್ಡಕ್ಕ.

ಒಂದು ಬುಧವಾರ ಯಾವುದೋ ರಜೆ ಸಿಕ್ಕಿತ್ತು. ತರಕಾರಿಗೆಂದು ಹೊರಟವರು ನಿಲ್ದಾಣಕ್ಕೆ ಹೋಗಿ ರೈಲು ಹತ್ತಿದರು. ಯಾಕೆ ಹತ್ತಿದೆ ಎಂದು ಅವರಿಗೇ ತಿಳಿಯಲಿಲ್ಲ. ಹೊಳೆಗೆ ಬಂದರು, ನೀರಿಗಿಳಿದರು, ಮುಳುಗಿದರು. ಒಳಗೆ ಒಂದು ಸದ್ದೂ ಇರಲಿಲ್ಲ. ಕಿವಿಯ ಗುಂಯ್ ಕೂಡ ನಿಂತಿತ್ತು. ಇಪ್ಪತ್ತು ವರ್ಷದ ಮೇಲೆ ಕೈಕಾಲು ತಾವಾಗಿ ಈಜಿದವು. ಸಂಜೆ ಖಾಲಿ ಚೀಲದೊಂದಿಗೆ ಮನೆಗೆ ಹೋಗಿ ಗಂಡನಿಗೆ ನಡೆದದ್ದನ್ನು ಹೇಳಿದರು. ಅವರ ಗಂಡ ಮಿಲ್ಲಿನಲ್ಲಿ ನೂಲಿನ ಯಂತ್ರದ ಮೇಲೆ ಕೆಲಸ ಮಾಡುವವರು, ದಿನವೆಲ್ಲ ಯಂತ್ರದ ಆರ್ಭಟದಲ್ಲೇ ನಿಂತಿರುವವರು. ತಮ್ಮ ಕಿವಿಯೂ ಹಾಗೇ ಆಗಿದೆ, ಆದರೆ ತಮಗೆ ಪಾಳಿ ಮುಗಿದ ಮೇಲೆ ಚಾದಂಗಡಿಯ ಕಟ್ಟೆ ಇದೆ, ನಿನಗೆ ಏನಿದೆ, ವಾರಕ್ಕೊಮ್ಮೆ ಹೋಗಿ ಬಾ ಅಂದರಂತೆ. ಅಷ್ಟೇ ಅಲ್ಲ, ಬುಧವಾರ ಸಂಜೆಯ ಅಡಿಗೆ ತಮ್ಮದೆಂದು ಒಪ್ಪಿಕೊಂಡರು. ಮೊದಲ ವಾರ ಉಪ್ಪಿಟ್ಟು ತಳ ಹತ್ತಿತು, ಎರಡನೇ ವಾರ ಉಪ್ಪು ಎರಡು ಸಲ ಬಿತ್ತು. ಮೂರನೇ ತಿಂಗಳಿಗೆ ಪಕ್ಕದ ಮನೆಯ ಮಕ್ಕಳೂ ಬುಧವಾರ ತಟ್ಟೆ ಹಿಡಿದು ಬರತೊಡಗಿದರು. ಉಪ್ಪಿಟ್ಟು ಬಿಟ್ಟು ಆ ಮನುಷ್ಯ ಕೊನೆಯವರೆಗೂ ಬೇರೆ ಏನೂ ಕಲಿಯಲಿಲ್ಲ.

"ಆದ್ರೆ ಬುಧವಾರನೇ ಯಾಕೆ ದೊಡ್ಡಕ್ಕ?" ಎಂದು ಕೇಳಿದೆ.

"ಭಾನುವಾರ ಎಲ್ರೂ ಮನ್ಯಾಗಿರ್ತಾರೆ. ಅವತ್ತು ನಮಗೆ ರಜೆ ಅಲ್ಲ ತಂಗಿ, ಅದು ಇನ್ನೊಂದು ಡ್ಯೂಟಿ. ಬುಧವಾರ ಯಾರಿಗೂ ನಾನು ಬೇಕಾಗಿರಲ್ಲ. ಅದು ನನ್ನದು."

ಆಮೇಲೆ ನನ್ನನ್ನು ಮೊಣಕಾಲು ಮುಳುಗುವ ನೀರಿನಲ್ಲಿ ಒಂದು ಕಲ್ಲಿನ ಮೇಲೆ ಕೂರಿಸಿದರು. ಏನು ಮಾಡಲಿ ಎಂದು ಕೇಳಿದೆ. ಏನೂ ಮಾಡಬೇಡ ಅಂದರು. ಹಾಗೆ ಕೂತೆ. ಮೊದಲು ಒಲೆಯ ಮೇಲೆ ಏನಾದರೂ ಬಿಟ್ಟು ಬಂದೆನೇನೋ ಅನ್ನಿಸಿತು. ಸ್ವಲ್ಪ ಹೊತ್ತಿಗೆ ಅದು ಹೋಯಿತು. ಸಣ್ಣ ಮೀನು ಬಂದು ಕಾಲ್ಬೆರಳು ಕಚ್ಚಿದವು. ಮಧ್ಯಾಹ್ನ ಮಂಡಕ್ಕಿಗೆ ಈರುಳ್ಳಿ, ಹಸಿಮೆಣಸಿನಕಾಯಿ, ಎಣ್ಣೆ ಕಲಸಿ ತಿಂದೆವು. ಗುರುವಾರ ಕಾಗದ ಕೊಡಲಿಲ್ಲ. ದೊಡ್ಡಕ್ಕ ಕೇಳಲೂ ಇಲ್ಲ.

ಅಲ್ಲಿಂದ ಹತ್ತು ತಿಂಗಳು, ಅವರ ಬುಧವಾರ ನನ್ನ ಬುಧವಾರವೂ ಆಯಿತು. ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ನಾನೂ ಕೈಕಾಲು ಬಡಿಯಲು ಕಲಿತೆ. ನನಗೆ ಈಜು ಕಲಿಸುವಾಗಲೂ ಅವರು ಹೆಚ್ಚು ಮಾತಾಡುತ್ತಿರಲಿಲ್ಲ; ಗಲ್ಲದ ಕೆಳಗೆ ಎರಡು ಬೆರಳು ಇಟ್ಟು ಹಿಡಿಯುತ್ತಿದ್ದರು, ಯಾವಾಗ ಬೆರಳು ತೆಗೆದರೆಂದು ನನಗೆ ಗೊತ್ತಾಗುತ್ತಲೇ ಇರಲಿಲ್ಲ. ಮಳೆಗಾಲದಲ್ಲಿ ಹೊಳೆ ಕೆಂಪಾಗಿ ಉಕ್ಕಿ ಹರಿಯುವಾಗ ನೀರಿಗಿಳಿಯಲಿಲ್ಲ, ಆದರೆ ಹೋಗುವುದು ತಪ್ಪಿಸಲಿಲ್ಲ. ಮರದ ಕೆಳಗೆ ಕಂಬಳಿ ಹೊದ್ದು ಕೂತು ತೇಲಿ ಬರುವ ಮರದ ದಿಮ್ಮಿ ನೋಡುತ್ತಿದ್ದೆವು. ಕಚೇರಿಯಲ್ಲಿ ನನ್ನ ಕೈ ಚುರುಕಾಯಿತು. ಮನೆಯಲ್ಲೂ ನಾನು ಹಾಡು ಗುನುಗುತ್ತಿದ್ದೆನಂತೆ. ಅದನ್ನು ಹೇಳಿದ್ದು ನನ್ನ ಗಂಡ.

ಹಾಗಿರುವಾಗ ನಮ್ಮ ಓಣಿಯ ಒಬ್ಬರು ಹರಿಹರಕ್ಕೆ ಹೋದವರು ನನ್ನನ್ನು ಹೊಳೆಯ ದಂಡೆಯಲ್ಲಿ ಒದ್ದೆ ತಲೆಯಲ್ಲಿ ನೋಡಿದರು. ನಾನು ಮನೆ ಮುಟ್ಟುವ ಮುಂಚೆ ಸುದ್ದಿ ಮುಟ್ಟಿತ್ತು. ನಿಮ್ಮ ಸೊಸೆ ದೇವರಿಗೆ ಹೋಗುತ್ತಿಲ್ಲ, ಹೊಳೆಯಲ್ಲಿ ಗಂಡಸರ ಹಾಗೆ ಕಚ್ಚೆ ಹಾಕಿಕೊಂಡು ಈಜುತ್ತಾಳೆ ಅಂತ. ಮಾವ ಸಿಟ್ಟಿನಲ್ಲಿ ನನ್ನ ಮುಖ ನೋಡದೆ ಗೋಡೆಗೆ ಹೇಳಿದರು, ನಾಳೆಯಿಂದ ಕಚೇರಿಗೆ ಹೋಗುವುದು ಬೇಡ. ಗಂಡ ತಲೆ ತಗ್ಗಿಸಿ ಕೂತಿದ್ದರು. ಅತ್ತೆ ನನ್ನನ್ನು ಒಂದೇ ಮಾತು ಕೇಳಿದರು, ಇದು ನಿಜವಾ ಅಂತ. ನಿಜ ಎಂದೆ. ತೆಂಗಿನಕಾಯಿ ದೇವರಿಗೇ ಹೋಗುತ್ತಿತ್ತು, ನಾನು ಹೊಳೆಗೆ ಹೋಗುತ್ತಿದ್ದೆ ಎಂದೆ. ಅವರು ಮಾವನ ಕಡೆ ತಿರುಗಿ, "ಕಣ್ಣಾರೆ ನೋಡದೆ ಯಾಕ ತೀರ್ಮಾನ? ಬರೋ ಬುಧವಾರ ನಾನೇ ಹೋಗ್ತೀನಿ. ಅಲ್ಲೀತನಕ ಅವಳು ಕೆಲಸಕ್ಕೆ ಹೋಗಿ ಬರ್ಲಿ" ಅಂದರು.

ಕೆಲಸ ಹೋಗುವುದಕ್ಕಿಂತ ಹೊಳೆ ಹೋಗುವುದೇ ನನಗೆ ದೊಡ್ಡ ಸಂಕಟವಾಗಿತ್ತು. ಕಚೇರಿಯಲ್ಲಿ ದೊಡ್ಡಕ್ಕನಿಗೆ ಹೇಳಿದೆ. ಮೂರು ನಿಮಿಷ ಕೇಳಿ, ಅವರಿಗೆ ಕೂರಲು ಒಂದು ಚಾಪೆ ಹೆಚ್ಚಿಗೆ ತರುತ್ತೇನೆ ಅಂದರು, ಅಷ್ಟೇ.

ಬುಧವಾರ ರೈಲಿನಲ್ಲಿ ಮೂವರೂ ಕೂತಿದ್ದೆವು. ಅತ್ತೆ ಮಡಿಲಲ್ಲಿ ಕೈ ಕಟ್ಟಿಕೊಂಡು ನೆಟ್ಟಗೆ ಕೂತಿದ್ದರು. ದೊಡ್ಡಕ್ಕ ಎಂದಿನಂತೆ ಕಿಟಕಿಯ ಹೊರಗೆ ನೋಡುತ್ತಿದ್ದರು. ಹೊಂಗೆ ಮರದ ಕೆಳಗೆ ಚಾಪೆ ಹಾಸಿ, "ಬರ್ರಿ ಅಮ್ಮಾರೆ, ಕೂಡ್ರಿ. ಇಲ್ಲಿ ಗಾಳಿ ಚೊಲೋ ಬರ್ತೈತೆ" ಎಂದು ಕೂರಿಸಿ, ತಮ್ಮ ಹಳೆಯ ಸೀರೆ ಉಟ್ಟು ಎಂದಿನಂತೆ ನೀರಿಗೆ ಹೋದರು. ತಮ್ಮನ್ನು ಒಪ್ಪಿಸಲು ಯಾರೋ ಏನೋ ಹೇಳುತ್ತಾರೆಂದು ಕಾದಿದ್ದ ಅತ್ತೆಗೆ ಯಾರೂ ಏನೂ ಹೇಳಲಿಲ್ಲ. ನಾನೂ ಹೆದರುತ್ತಲೇ ನೀರಿಗಿಳಿದೆ. ಅವರು ನೋಡಿಯೇ ನಿರ್ಧರಿಸಲಿ ಅಂತ ಈಜಿದೆ. ಒಂದು ಸುತ್ತು ಹೋಗಿ ಬಂದು ದಂಡೆಯ ಕಡೆ ನೋಡಿದರೆ ಅತ್ತೆ ಕೂತಲ್ಲಿ ಕಾಣಲಿಲ್ಲ.

ಗಾಬರಿಯಾಗಿ ಮೇಲೆ ಓಡಿ ಬಂದೆ. ಅತ್ತೆ ಚಾಪೆಯ ಮೇಲೆ ಕೈಯನ್ನೇ ದಿಂಬು ಮಾಡಿಕೊಂಡು ನಿದ್ದೆ ಮಾಡುತ್ತಿದ್ದರು. ಬಾಯಿ ಸ್ವಲ್ಪ ತೆರೆದಿತ್ತು. ಮದುವೆಯಾಗಿ ಒಂದೂವರೆ ವರ್ಷದಲ್ಲಿ ಅವರು ಹಗಲು ಹೊತ್ತು ಮಲಗಿದ್ದನ್ನು ನಾನು ನೋಡಿರಲಿಲ್ಲ. ಜ್ವರ ಬಂದಾಗಲೂ ಗೋಡೆಗೆ ಒರಗಿ ಕೂತು ಸೊಪ್ಪು ಬಿಡಿಸುತ್ತಿದ್ದ ಹೆಂಗಸು. ಹೊಂಗೆಯ ಹೂ ಒಂದೊಂದೇ ಅವರ ಸೀರೆಯ ಮೇಲೆ ಬೀಳುತ್ತಿದ್ದವು.

ಊಟದ ಹೊತ್ತಾಯಿತು. ಎಬ್ಬಿಸಲು ಹೋದೆ. ದೊಡ್ಡಕ್ಕ ನನ್ನ ಕೈ ಹಿಡಿದರು.

"ಎಬ್ಬಿಸಬ್ಯಾಡ. ಎಷ್ಟು ವರ್ಷದ ನಿದ್ದೆ ಐತೋ ಏನೋ."

ನಾವಿಬ್ಬರೂ ಮಂಡಕ್ಕಿಯನ್ನು ಸದ್ದಾಗದಂತೆ ಅಗಿದು ತಿಂದೆವು. ನೆರಳು ಸರಿದಂತೆ ದೊಡ್ಡಕ್ಕ ತಮ್ಮ ಒದ್ದೆ ಸೀರೆಯನ್ನು ಎರಡು ಕೊಂಬೆಗೆ ಕಟ್ಟಿ ಅತ್ತೆಯ ಮುಖಕ್ಕೆ ಬಿಸಿಲು ಬೀಳದ ಹಾಗೆ ಮಾಡಿದರು. ಸಂಜೆಯ ರೈಲಿನ ಹೊತ್ತಾಯಿತು. ಸೇತುವೆಯ ಮೇಲೆ ಅದು ದಡದಡ ಹೋದದ್ದನ್ನು ಕೇಳಿದೆವು, ಅಲುಗಾಡಲಿಲ್ಲ. ಇನ್ನು ಮನೆಗೆ ಬಸ್ಸೇ ಗತಿ ಎಂದು ಲೆಕ್ಕ ಹಾಕಿದೆ. ದೊಡ್ಡಕ್ಕ ಹೊಳೆ ನೋಡುತ್ತ ಕೂತಿದ್ದರು.

ಆ ಸದ್ದಿಗೇ ಇರಬೇಕು, ಸ್ವಲ್ಪ ಹೊತ್ತಿಗೆ ಅತ್ತೆ ಎದ್ದರು. ಎಲ್ಲಿದ್ದೇನೆಂದು ತಿಳಿಯದೆ ಸುತ್ತ ನೋಡಿದರು. ಹೊತ್ತು ಇಳಿದದ್ದು ನೋಡಿ ಇಷ್ಟು ಹೊತ್ತು ಯಾಕೆ ಎಬ್ಬಿಸಲಿಲ್ಲ ಎಂದು ಕೇಳಿದರು. ನೀವು ಮಲಗಿದ್ರಿ ಎಂದೆ. ಅವರು ಎದ್ದು ನೀರಿನ ಹತ್ತಿರ ಹೋಗಿ ಮುಖ ತೊಳೆದುಕೊಂಡರು, ಮತ್ತೆ ತೊಳೆದುಕೊಂಡರು, ಪಾದ ಮುಳುಗುವಷ್ಟು ನೀರಿನಲ್ಲಿ ಸ್ವಲ್ಪ ಹೊತ್ತು ನಿಂತರು. ತಿರುಗಿ ಬಂದು ಮಂಡಕ್ಕಿ ಉಳಿದಿದೆಯಾ ಎಂದು ಕೇಳಿದರು.

ಬಸ್ಸಿನಲ್ಲಿ ಮನೆ ಸೇರುವ ಹೊತ್ತಿಗೆ ದೀಪ ಹಚ್ಚಿದ್ದರು. ಮಾವ, ನನ್ನ ಗಂಡ, ಮೈದುನರು ಜಗಲಿಯ ಮೇಲೆ ಸಾಲಾಗಿ ಹಸಿದು ಕೂತಿದ್ದರು. ಒಲೆ ತಣ್ಣಗಿತ್ತು. ಅಲ್ಲಿ ಏನು ನೋಡಿದೆ ಎಂದು ಮಾವ ಕೇಳಿದರು. ಅತ್ತೆ ಚಪ್ಪಲಿ ಬಿಟ್ಟು, ಕಾಲು ತೊಳೆದು, ಒಳಗೆ ಹೋಗದೆ ಅದೇ ಜಗಲಿಯ ಮೇಲೆ ಕೂತರು.

"ನೋಡಾಕೆ ಏನಿಲ್ಲ, ಹೊಳೆ ಐತೆ, ಮರ ಐತೆ. ಅವಳು ವಾರವಾರ ಹೋಗ್ತಾಳೆ. ತಿಂಗಳಿಗೊಂದು ಸಲ ನಾನೂ ಹೋಗ್ತೀನಿ" ಅಂದರು. ಆಮೇಲೆ ಮಗನ ಕಡೆ ನೋಡಿ, ಆ ದೊಡ್ಡಕ್ಕನ ಗಂಡ ಉಪ್ಪಿಟ್ಟು ಮಾಡ್ತಾನಂತೆ, ನೀನು ಒಲೆನಾದ್ರೂ ಹಚ್ಚು ಅಂದರು.

ನನ್ನ ಗಂಡ ಎದ್ದು ಒಳಗೆ ಹೋದರು. ಅವತ್ತು ನಾವು ತಿಂದದ್ದು ಅರೆಬೆಂದ ಅನ್ನ, ಉಪ್ಪಿನಕಾಯಿ. ಮಾವ ಮುಖ ಗಂಟು ಹಾಕಿಕೊಂಡೇ ಎರಡನೇ ಸಲ ಹಾಕಿಸಿಕೊಂಡರು. ಕೆಲಸ ಬಿಡುವ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ.

ಅತ್ತೆ ತಿಂಗಳಿಗೊಮ್ಮೆ ಅಂದದ್ದು ಬರಬರುತ್ತ ಎರಡು ಸಲವಾಯಿತು. ಅವರು ಈಜಲು ಕಲಿಯಲಿಲ್ಲ, ಕಲಿಯುವ ಆಸೆಯೂ ಇರಲಿಲ್ಲ. ಅವರು ಬರುತ್ತಿದ್ದದ್ದು ನಿದ್ದೆಗೆ. ದೊಡ್ಡಕ್ಕನೂ ಅವರೂ ಒಂದು ವಿಚಿತ್ರ ಗೆಳೆತನ ಬೆಳೆಸಿಕೊಂಡರು. ಇಬ್ಬರೂ ಪರಸ್ಪರ ಮಾತಾಡಿದ್ದನ್ನು ನಾನು ನೋಡಿದ್ದು ಕಡಿಮೆ. ಅತ್ತೆ ಎಲೆಗೆ ಸುಣ್ಣ ಹಚ್ಚಿ ಕೊಡುವರು, ಇವರು ತೆಗೆದುಕೊಳ್ಳುವರು. ನಮ್ಮ ಕಚೇರಿಯ ಉಳಿದ ಮೂವರೂ ಒಬ್ಬೊಬ್ಬರಾಗಿ ಭಾನುವಾರ ಬಿಟ್ಟುಕೊಟ್ಟು ಮಂಗಳವಾರವೋ ಶುಕ್ರವಾರವೋ ಕೇಳತೊಡಗಿದರು. ಒಬ್ಬಳು ಹೊಲಿಗೆ ಕಲಿಯಲು ಹೋದಳು, ಒಬ್ಬಳು ತವರಿಗೆ ಹೋಗಿ ತಾಯಿಯ ಜೊತೆ ಚೌಕಾಬಾರ ಆಡಿ ಬರುತ್ತಿದ್ದಳು, ಇನ್ನೊಬ್ಬಳು ಏನು ಮಾಡುತ್ತಾಳೆಂದು ಯಾರಿಗೂ ಹೇಳಲಿಲ್ಲ; ದೊಡ್ಡಕ್ಕ ಕೇಳಲು ಬಿಡಲಿಲ್ಲ. ಭಾನುವಾರ ಡ್ಯೂಟಿಗೆ ಹೆಂಗಸರೆಲ್ಲ ನಗುತ್ತಾ ಬರುವುದನ್ನು ನೋಡಿ ಸೂಪರ್‌ವೈಜರಿಗೆ ಹೊಸ ಅನುಮಾನ ಶುರುವಾಯಿತು. ಅದು ಕೊನೆಯವರೆಗೂ ಬಗೆಹರಿಯಲಿಲ್ಲ.

ನಾನು ಕೆಲಸಕ್ಕೆ ಸೇರಿದ ಆರನೇ ವರ್ಷ ನನ್ನ ಗಂಡನಿಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿತು. ನಾನೂ ವರ್ಗ ಮಾಡಿಸಿಕೊಂಡೆ. ಹೊರಡುವ ಮುಂಚಿನ ಬುಧವಾರ ಮೂವರೂ ಹೊಳೆಗೆ ಹೋದೆವು. ಸಂಕ್ರಾಂತಿ ಕಳೆದು ನೀರು ತಿಳಿಯಾಗಿತ್ತು, ಸೆಳೆತ ಇರಲಿಲ್ಲ. ಅವತ್ತು ಅತ್ತೆಯೂ ಮಲಗಲಿಲ್ಲ.

ದೊಡ್ಡಕ್ಕ ಕಚ್ಚೆ ಬಿಗಿದು ನಿಂತು ಆಚೆ ದಡವನ್ನು ನೋಡಿದರು. ಆ ದಡ ರಾಣೆಬೆನ್ನೂರು ಸೀಮೆ, ರಾಜ್ಯ ಒಂದಾಗುವ ಮುಂಚೆ ಬೊಂಬಾಯಿ ಸರ್ಕಾರದ ಜಾಗ. ದಿನಾ ಬೊಂಬಾಯಿಗೆ ಲೈನು ಕೊಡುತ್ತೇನೆ, ಒಂದು ಸಲ ಅದರ ಹಳೆಯ ಗಡಿಯನ್ನಾದರೂ ಮುಟ್ಟಿ ಬರುತ್ತೇನೆ ಅಂದರು. ತಮಾಷೆಗೆ ಹೇಳುತ್ತಿದ್ದಾರೆಂದುಕೊಂಡೆ. ಅವರು ಎಂದೂ ನಡು ಹೊಳೆ ದಾಟಿದವರಲ್ಲ. ಆಗ ಅವರಿಗೆ ನಲವತ್ತಮೂರು ಇರಬೇಕು.

ನೀರಿಗಿಳಿದು ನೇರ ಹೊರಟರು. ನಡು ಹೊಳೆಯಲ್ಲಿ ಒಂದು ಸಲ ಬೆನ್ನ ಮೇಲೆ ತೇಲಿ ದಣಿವಾರಿಸಿಕೊಂಡರು. ಅತ್ತೆ ನನ್ನ ಮುಂಗೈ ಹಿಡಿದದ್ದು ನನಗೆ ಆಮೇಲೆ ಕೆಂಪಗಾದಾಗಲೇ ತಿಳಿದದ್ದು. ಮತ್ತೆ ಕೈ ಬೀಸಿದರು, ತಲೆ ಸಣ್ಣದಾಗುತ್ತಾ ಹೋಯಿತು, ಕಡೆಗೆ ಆಚೆ ದಡದ ಮರಳಿನ ಮೇಲೆ ಒಂದು ಕಪ್ಪು ಆಕಾರ ಎದ್ದು ನಿಂತಿತು. ನಾವಿಬ್ಬರೂ ಇಲ್ಲಿ ಚಾಪೆಯ ಮೇಲೆ ಕೂತು ಕಾಲು ಚಾಚಿದೆವು. ಅವರು ಅಲ್ಲಿ ಕೂತರು. ಬಹಳ ಹೊತ್ತು ಕೂತೇ ಇದ್ದರು. ಕೂಗಿದರೆ ಕೇಳುವಷ್ಟು ಹತ್ತಿರ ಇರಲಿಲ್ಲ, ನಾವೂ ಕೂಗಲಿಲ್ಲ. ಬಿಸಿಲು ಬೆಚ್ಚಗಿತ್ತು. ಅತ್ತೆ ಎಲೆ ಅಡಿಕೆ ಹಾಕಿಕೊಂಡರು.

ತಿರುಗಿ ಬಂದದ್ದೂ ಈಜಿಯೇ. ದಂಡೆಗೆ ಬಂದು ಮರಳ ಮೇಲೆ ಮಲಗಿ, ಉಸಿರು ಸಮವಾಗುವವರೆಗೆ ಸುಮ್ಮನಿದ್ದರು. ಆ ಕಡೆ ಏನಿತ್ತು, ಅಷ್ಟು ಹೊತ್ತು ಏನು ನೋಡುತ್ತಿದ್ದಿರಿ ಎಂದು ಅತ್ತೆ ಕೇಳಿದರು.

"ನಿಮ್ಮನ್ನೇ ನೋಡ್ತಿದ್ದೆ ಅಮ್ಮಾರೆ" ಅಂದರು ದೊಡ್ಡಕ್ಕ. "ಅಲ್ಲಿಂದ ನೋಡಿದ್ರೆ ನೀವಿಬ್ರೂ ಏನೂ ಕೆಲಸ ಇಲ್ಲದ ಹೆಂಗಸರ ಥರ ಕಾಣ್ತಿದ್ರಿ. ಅಷ್ಟು ಚಂದ ಕಾಣ್ತಿದ್ರಿ, ಏಳಕ್ಕೇ ಮನಸ್ಸಾಗ್ಲಿಲ್ಲ."